ನಾಲ್ಕು ದಿನ ಅಳದ ಮಗು

ತಾರೀಖು ಹತ್ತೊಂಬತ್ತು, ಭಾನುವಾರ ಮಧ್ಯಾಹ್ನ

ಲೇ ಮೊಂಡಿ,

ಮೂರು ಸಾಲು ಬರೆಯಲು ಇಡೀ ಒಂದು ಹಾಳೆ ಹಾಳು ಮಾಡುವವರನ್ನು ನಾನು ಇದೇ ಮೊದಲು ನೋಡಿದ್ದು. "ಅಜ್ಜಿ ಹೇಗಿದ್ದೀಯ, ಫೋನ್ ಯಾಕೆ ತೆಗೀತಿಲ್ಲ, ಕೋಪಾನಾ?" ಇಷ್ಟೇ. ಇದು ಪತ್ರವೋ, ಔಷಧಿ ಅಂಗಡಿಗೆ ಕೊಡುವ ಚೀಟಿಯೋ? ಊರೂರು ತಿರುಗಿ ನರ್ಸುಗಳಿಗೆ ಪಾಠ ಹೇಳುತ್ತೀಯ, ಮಕ್ಕಳ ನೋವನ್ನು ಅಳೆಯುವುದು ಹೇಗೆ ಅಂತ ಗಂಟೆಗಟ್ಟಲೆ ಮಾತಾಡುತ್ತೀಯ, ನಿನ್ನನ್ನು ಹೆತ್ತವಳನ್ನು ಹೆತ್ತವಳಿಗೆ ನಾಲ್ಕನೇ ಸಾಲು ಬರೆಯಲು ಕೈ ಸೋತುಹೋಯಿತೇ? ಈಗ ಕೂತುಕೊಂಡು ಓದು. ನಿಂತುಕೊಂಡು ಓದಿ ಮಡಚಿಡುವ ಪತ್ರ ಅಲ್ಲ ಇದು.

ತಡವಾಯಿತು, ಕ್ಷಮಿಸು ಅಂತ ಬರೆಯುವುದು ತಿಳಿದವರ ವಾಡಿಕೆ. ನಾನು ಬರೆಯುವುದಿಲ್ಲ. ಎರಡು ತಿಂಗಳು ತಡ ಮಾಡಿದ್ದು ಬೇಕೆಂತಲೇ. ಫೋನಿನಲ್ಲಿ ಹೇಳೋಣವೆಂದರೆ ಫೋನಿನಲ್ಲಿ ನನಗೆ ಬೈಯಲು ಬರುತ್ತದೆ, ಬೇರೆ ಮಾತು ಬರುವುದಿಲ್ಲ. ಕೆಳಗಿನ ಮನೆಯ ನರ್ಸಮ್ಮನ ಕೈಯಲ್ಲಿ ಬರೆಸೋಣವೆಂದರೆ ನಾಳೆ ಬೆಳಿಗ್ಗೆಯೊಳಗೆ ಇಡೀ ಆಸ್ಪತ್ರೆಗೆ ಬಾಯಿಪಾಠ ಆಗಿರುತ್ತದೆ. ಮೂರನೇ ಕ್ಲಾಸಿನ ಅಕ್ಷರ ನನ್ನದು. ಒತ್ತು ಬಿಟ್ಟಿದ್ದರೆ ನೀನೇ ಸೇರಿಸಿಕೊಂಡು ಓದು.

ಇಲ್ಲಿ ಎಲ್ಲರೂ ಇದ್ದಂತೆ ಇದ್ದೇವೆ. ನಿನ್ನಮ್ಮನ ಮಂಡಿನೋವು ಮೆಟ್ಟಿಲು ಹತ್ತುವಾಗ ಬರುತ್ತದೆ, ಪಕ್ಕದ ಮನೆಗೆ ಹರಟೆಗೆ ಹೋಗುವಾಗ ಬರುವುದಿಲ್ಲ. ನಿನ್ನ ತಮ್ಮ ಮೀಸೆ ಬಿಟ್ಟಿದ್ದಾನೆ. ಮೀಸೆ ಚೆನ್ನಾಗಿದೆ, ಅದರ ಹಿಂದೆ ಇರುವ ಮುಖ ಇನ್ನೂ ಬಲಿಯಬೇಕು. ನೀರಿನ ಪಂಪು ಕೆಟ್ಟು ವಾರವಾಯಿತು. ಮೂರು ಮಹಡಿಯವರೂ ಬಕೆಟ್ಟು ಹಿಡಿದು ಮೆಟ್ಟಿಲ ಮೇಲೆ ಜಗಳ ಆಡುತ್ತಾರೆ, ನನಗೂ ಹೊತ್ತು ಹೋಗುತ್ತದೆ.

ಸಮಾಚಾರ ಮುಗಿಯಿತು. ಈಗ ವಿಚಾರಕ್ಕೆ ಬರುತ್ತೇನೆ.

ನನಗೆ ಹೊಟ್ಟೆಕಿಚ್ಚು. ಹೌದು, ಬರೆದೇಬಿಟ್ಟೆ. ನಿನ್ನ ಕನ್ನಡಕದಜ್ಜಿಯ ಮೇಲೆ. "ಅಮ್ಮಾ, ಎಪ್ಪತ್ನಾಲ್ಕು ವರ್ಷಕ್ಕೆ ಇದೆಂಥ ಹೊಟ್ಟೆಕಿಚ್ಚು?" ಅಂತ ನಿನ್ನಮ್ಮ ಕೇಳಿದಳು. "ಮಂಡಿಗೆ ವಯಸ್ಸಾಗತ್ತೆ, ಹಲ್ಲಿಗೆ ವಯಸ್ಸಾಗತ್ತೆ. ಹೊಟ್ಟೆಕಿಚ್ಚಿಗೆ ಯಾಕೇ ವಯಸ್ಸಾಗಬೇಕು?" ಅಂದೆ.

ನಿನಗೆ ಮಾತು ಬಂದ ಹೊಸತರಲ್ಲಿ ಇಬ್ಬರು ಅಜ್ಜಿಯರನ್ನು ಗುರುತು ಹಿಡಿಯಲು ನೀನೇ ಹೆಸರಿಟ್ಟೆ. ನಿನ್ನಪ್ಪನ ಅಮ್ಮ ಕನ್ನಡಕದಜ್ಜಿ, ನಾನು ಬೈಯೋ ಅಜ್ಜಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಲೆಕ್ಕ ಹಾಕಿ ನೋಡು. ನನ್ನ ಬೀಗಿತ್ತಿ ಆ ಕನ್ನಡಕವನ್ನು ಬೇಕೆಂದಾಗ ತೆಗೆದು ಡಬ್ಬಿಯೊಳಗೆ ಇಡಬಹುದು. ನನ್ನ ನಾಲಿಗೆಯನ್ನು ನಾನು ಎಲ್ಲಿ ತೆಗೆದಿಡಲಿ? ಆಕೆ ಆಫೀಸಿನಲ್ಲಿ ಕೂತು ಟೈಪು ಹೊಡೆದವಳು, ಮೆಲ್ಲಗೆ ಮಾತಾಡಿದರೂ ನಡೆಯುತ್ತಿತ್ತು. ನಾನು ಕತ್ತಲಿರುವಾಗಲೇ ಎದ್ದು ಮನೆಮನೆಗೆ ಹಾಲು ಹಾಕಿದವಳು. ಕೂಗದಿದ್ದರೆ ಯಾರು ಬಾಗಿಲು ತೆಗೆಯುತ್ತಿದ್ದರು?

ಎರಡು ತಿಂಗಳ ಹಿಂದೆ ನಮ್ಮ ಆಸ್ಪತ್ರೆಯ ನರ್ಸುಗಳಿಗೆ ಮೂರು ದಿನ ತರಬೇತಿ ಕೊಡಲು ಬಂದೆಯಲ್ಲ, ಮೊದಲ ದಿನ ಸಂಜೆ ಮನೆಗೆ ಬಂದೆ, ಚಹಾ ಕುಡಿದೆ, ನನ್ನ ಕೆನ್ನೆ ಹಿಂಡಿದೆ, ಮಲಗಲು ಆಕೆಯ ಮನೆಗೆ ಹೋದೆ. "ಅಲ್ಲಿಂದ ಆಸ್ಪತ್ರೆಗೆ ಐದೇ ನಿಮಿಷ ಅಜ್ಜಿ" ಅಂದೆ. ನಮ್ಮ ಮನೆಯಿಂದ ಹದಿನೈದು ನಿಮಿಷ. ಹತ್ತು ನಿಮಿಷಕ್ಕೆ ಅಜ್ಜಿಯನ್ನು ಮಾರಿಬಿಟ್ಟೆಯಲ್ಲೇ!

ಎರಡನೇ ದಿನ ಸಂಜೆ ಕೆಳಗಿನ ಮನೆಯ ನರ್ಸಮ್ಮ ಮೆಟ್ಟಿಲ ಮೇಲೆ ಸಿಕ್ಕಿದಳು. ನಿನ್ನ ತರಬೇತಿಯಲ್ಲಿ ಅವಳೂ ಇದ್ದಳಲ್ಲ.

"ಅಜ್ಜೀ, ನಾಳೆ ಕ್ಲಾಸಿಗೆ ಮೇಡಂ ಅವರ ಅಜ್ಜೀನ ಕರ್ಕೊಂಡು ಬರ್ತಾರಂತೆ! ಚಿಕ್ಕೋರಿದ್ದಾಗ ಅವರಿಗೆ ಆಪರೇಷನ್ ಆಗಿತ್ತಂತೆ, ನೋವನ್ನ ಮೊದಲು ಕಂಡುಹಿಡಿದಿದ್ದೇ ಅಜ್ಜಿಯಂತೆ. ನೀವು ಒಂದು ದಿನಾನೂ ಹೇಳಲೇ ಇಲ್ವಲ್ಲ!"

"ಮಾಡಿದ್ದೆಲ್ಲಾ ಹೇಳ್ಕೊಂಡು ತಿರುಗಕ್ಕಾಗತ್ತಾ ಮಗಳೇ" ಅಂದೆ ನಾನು, ಒಳಗೊಳಗೇ ಉಬ್ಬಿಕೊಂಡು.

ಯಾಕೆ ಉಬ್ಬಬಾರದು? ನಿನಗೆ ಐದು ವರ್ಷವಾಗಿದ್ದಾಗ ಕರುಳು ತಿರುಚಿಕೊಂಡು ಹೊಟ್ಟೆ ಕೊಯ್ದರು. ನಿನ್ನ ತಮ್ಮ ಹುಟ್ಟಿ ಹನ್ನೆರಡು ದಿನ, ನಿನ್ನಮ್ಮ ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ನಿನ್ನಪ್ಪನಿಗೆ ರಜೆ ಸಿಗಲಿಲ್ಲ. ಬದುಕುತ್ತದೋ ಇಲ್ಲವೋ ಎನ್ನುವ ಮಕ್ಕಳನ್ನು ಇಡುವ ಆ ಕೋಣೆಗೆ ಒಬ್ಬರಿಗೆ ಮಾತ್ರ ಪಾಸು. ಆ ಪಾಸು ನನ್ನ ಕೈಯಲ್ಲಿತ್ತು. ಮೂಗಿನಲ್ಲಿ ಒಂದು ನಳಿಗೆ, ಕೈಯಲ್ಲಿ ಒಂದು, ಹೊಟ್ಟೆಯ ಪಕ್ಕದಿಂದ ಇನ್ನೊಂದು. ನಾಲ್ಕು ದಿನ ನಿನ್ನ ಹಾಸಿಗೆಯ ಪಕ್ಕ ಕಬ್ಬಿಣದ ಸ್ಟೂಲಿನ ಮೇಲೆ ಕೂತವಳು ನಾನು. ಕಾಲು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಐದನೇ ದಿನ ನನಗೆ ಕೆಮ್ಮು ಹತ್ತಿತು, ಡಾಕ್ಟರು ಹೊರಗೆ ಹೋಗಿ ಅಂದರು. ಆಗಷ್ಟೇ ಬೀಗಿತ್ತಿ ಒಳಗೆ ಹೋದದ್ದು.

ನಾನು ಇಪ್ಪತ್ತಾರು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದದ್ದು ಏನು ಗೊತ್ತಲ್ಲ? ನಾಲ್ಕು ದಿನ ನನ್ನ ಹತ್ತಿರ ನೀನು ಒಂದು ಸಲವೂ ಅಳಲಿಲ್ಲ. ಆಕೆ ಒಳಗೆ ಹೋಗಿ ಅರ್ಧ ಗಂಟೆಯಾಗಿಲ್ಲ, ಮೊಗಸಾಲೆ ತುಂಬ ಕೇಳುವ ಹಾಗೆ ಕಿರುಚಿದೆ. ಬಾಗಿಲು ಕಾಯುವವನಿಗೆ ನಾನು ಆಗಲೇ ಹೇಳಿದೆ: "ಕೇಳಿದ್ಯೇನಪ್ಪಾ? ನನ್ ಹತ್ರ ಒಂದ್ ಹನಿ ಕಣ್ಣೀರಿಲ್ಲ. ಮಕ್ಕಳನ್ನ ನೋಡ್ಕೊಳ್ಳಕ್ಕೂ ಒಂದು ಕೈಗುಣ ಬೇಕು."

ಹಾಗಾಗಿ ಮೂರನೇ ದಿನ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಮದುವೆಗೆ ಅಂತ ಇಟ್ಟ ಬಟ್ಟೆ ಉಟ್ಟು, ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂತೆ. ಎಂಟಾಯಿತು, ಒಂಬತ್ತಾಯಿತು. ನಿನ್ನಮ್ಮ ಎರಡು ಸಲ ಬಂದು ನನ್ನನ್ನು ನೋಡಿ ಏನೂ ಕೇಳದೆ ಹೋದಳು. ಅವಳು ಕೇಳದಿದ್ದದ್ದು ಇನ್ನೂ ಚುಚ್ಚಿತು. ಕೊನೆಗೆ ಕೆಲಸಕ್ಕೆ ಹೊರಟ ನರ್ಸಮ್ಮ ಕೆಳಗಿನಿಂದಲೇ ಕೂಗಿದಳು: "ಅಜ್ಜೀ, ನಿಮ್ಮನ್ನ ಕರೆಯಕ್ಕೆ ಯಾರೂ ಬರಲಿಲ್ವಾ? ಬನ್ನಿ, ನನ್ ಜೊತೆ."

ಆಸ್ಪತ್ರೆಯ ಮೇಲಿನ ಮಹಡಿ, ಉದ್ದನೆ ಕೋಣೆ, ಗೋಡೆಯ ಮೇಲೆ ಬಿಳಿ ಪರದೆ. ಮೇಜಿನ ಮೇಲೆ ರಬ್ಬರಿನ ಮಗು, ಅದಕ್ಕೂ ಬಾಯಿ, ಮೂಗು, ಹೊಟ್ಟೆಗೆಲ್ಲ ನಳಿಗೆ. ಮೊದಲನೇ ಸಾಲಿನಲ್ಲಿ, ನಟ್ಟ ನಡುವೆ, ನಿನ್ನ ಕನ್ನಡಕದಜ್ಜಿ. ಮಡಿಲಲ್ಲಿ ಕೈ ಜೋಡಿಸಿಕೊಂಡು, ಪಟ ತೆಗೆಸಿಕೊಳ್ಳಲು ಕೂತವರ ಹಾಗೆ.

ನರ್ಸಮ್ಮ ನನ್ನ ಮುಖ ನೋಡಿದಳು, ಆಕೆಯ ಮುಖ ನೋಡಿದಳು. "ಓಹ್, ಆ ಅಜ್ಜೀನಾ..." ಅಂದು ನಾಲಿಗೆ ಕಚ್ಚಿಕೊಂಡಳು. ನಾನು ಕೊನೆಯ ಸಾಲಿನಲ್ಲಿ ದಪ್ಪನೆಯ ನರ್ಸೊಬ್ಬಳ ಬೆನ್ನ ಹಿಂದೆ ಕೂತೆ. ನೀನು ನೋಡಲಿಲ್ಲ.

ಪಾಠ ಚೆನ್ನಾಗಿ ಹೇಳುತ್ತೀಯ, ಇಲ್ಲ ಅನ್ನುವುದಿಲ್ಲ. ಕೈಗೊಂದು ಹಾಳೆ ಕೊಟ್ಟೆ. ಐದು ಸಾಲು: ಮುಖ, ಕಾಲು, ಮೈ, ಅಳು, ಸಮಾಧಾನ ಮಾಡಿದರೆ ಆಗುತ್ತದೋ ಇಲ್ಲವೋ. ಒಂದೊಂದಕ್ಕೂ ಸೊನ್ನೆ, ಒಂದು, ಇಲ್ಲವೆ ಎರಡು. ಕೂಡಿಸಿದರೆ ಹತ್ತರಲ್ಲಿ ನೋವು ಎಷ್ಟು ಅಂತ ತಿಳಿಯುತ್ತದೆ. ಒಂದೇ ಮಗುವನ್ನು ಇಬ್ಬರು ನರ್ಸುಗಳು ಒಬ್ಬರ ಹಾಳೆ ಒಬ್ಬರು ನೋಡದೆ ಅಳೆಯಬೇಕು, ಆಮೇಲೆ ಹೋಲಿಸಬೇಕು, ಬೇರೆ ಬಂದರೆ ಹಾಸಿಗೆಗೆ ವಾಪಸು ಹೋಗಿ ಮತ್ತೆ ನೋಡಬೇಕು ಅಂದೆ. ಅದು ನನಗೆ ಹಿಡಿಸಿತು. ಹಾಲಿಗೆ ನೀರು ಬೆರೆತಿದೆಯೋ ಇಲ್ಲವೋ ಅಂತ ನಾವೂ ಒಬ್ಬರ ನಾಲಿಗೆಯನ್ನು ನಂಬುತ್ತಿರಲಿಲ್ಲ.

ಆಮೇಲೆ ಪರದೆಯ ಮೇಲೆ ಒಂದು ಮಗುವನ್ನು ತೋರಿಸಿದೆ. ಹೊಟ್ಟೆಯ ಆಪರೇಷನ್ ಆದ ಮಗು, ಗಂಟಲಿಗೆ ನಳಿಗೆ ಹಾಕಿ ಮೆಷಿನ್ನು ಉಸಿರಾಡಿಸುತ್ತಿತ್ತು. ಸದ್ದಿಲ್ಲ, ಗದ್ದಲವಿಲ್ಲ. ಎಲ್ಲರೂ ಬರೆಯಿರಿ, ಚೀಟಿಯಲ್ಲಿ ಹೆಸರು ಬೇಡ, ಬರೀ ಅಂಕಿ ಸಾಕು ಅಂದೆ. ನರ್ಸಮ್ಮ ನನಗೂ ಒಂದು ಚೀಟಿ ಕೊಟ್ಟಳು. ನಾನು ಸೊನ್ನೆ ಬರೆದೆ. ಮೂರು ಮಕ್ಕಳನ್ನು ಸಾಕಿದವಳು, ನಾಲ್ಕು ಮೊಮ್ಮಕ್ಕಳನ್ನು ಎತ್ತಿದವಳು, ನನಗೆ ಗೊತ್ತಾಗದೇ ಅಂತ ಮೊದಲು ಬರೆದು ಮಡಚಿದವಳೂ ನಾನೇ. ನೀನು ಚೀಟಿಗಳನ್ನು ಓದುತ್ತಾ ಹೋದೆ. "ಏಳು. ಆರು. ಏಳು. ಎಂಟು. ಏಳು. ಸೊನ್ನೆ."

ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಮುಂದಿದ್ದ ದಪ್ಪನೆಯವಳು ಬೆನ್ನು ಕುಣಿಸಿ ನಕ್ಕಳು.

"ನಗಬೇಡಿ" ಅಂದೆ ನೀನು. "ಇದು ನಾವೆಲ್ಲಾ ಬರೆದಿರೋ ಸೊನ್ನೆನೇ."

ಬಿಳಿ ಕೂದಲಿನ ದೊಡ್ಡ ನರ್ಸೊಬ್ಬರು ಎದ್ದು ನಿಂತರು. "ಮೇಡಂ, ಸುಮ್ಮನಿರೋ ಮಗೂನ ನಾವ್ಯಾಕೆ ಕೆಣಕ್ಬೇಕು? ಅತ್ತರೇ ತಾಯಿ ಹಾಲು ಕೊಡೋದು. ನೋವಿದ್ರೆ ಅಳತ್ತೆ, ಆಗ ನೋಡ್ತೀವಿ. ಮೂವತ್ತು ವರ್ಷದಿಂದ ನಾನು ಮಾಡಿದ್ದು ಇದನ್ನೇ." ನನಗೆ ಆಕೆಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

"ಅಕ್ಕಾ, ಗಂಟಲಲ್ಲಿ ನಳಿಗೆ ಇದ್ದಾಗ ಅತ್ರೂ ಸದ್ದು ಬರಲ್ಲ" ಅಂದೆ ನೀನು. "ಅಳೋ ಶಕ್ತಿನೇ ಇಲ್ಲದ ಮಕ್ಕಳೂ ಇರ್ತಾರೆ. ಸುಮ್ಮನಿರೋ ಮಗು ಅಂದ್ರೆ ಆರಾಮಾಗಿರೋ ಮಗು ಅಂತ ಅಲ್ಲ. ಈಗ ಹುಬ್ಬು ನೋಡಿ. ಕೈ ನೋಡಿ, ಹೊದಿಕೆ ಹೇಗೆ ಹಿಡ್ಕೊಂಡಿದೆ. ಕಾಲ್ಬೆರಳು ನೋಡಿ."

ನೋಡಿದೆ. ಹುಬ್ಬು ಗಂಟು ಕಟ್ಟಿತ್ತು. ಕಾಲ್ಬೆರಳು ಒಳಗೆ ಮುದುರಿಕೊಂಡು ಬೆಳ್ಳಗಾಗಿತ್ತು. ನೋವಿನ ಔಷಧಿ ಕೊಟ್ಟ ಮೇಲೆ ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಬೇಕು, ಮತ್ತೆ ಬರೆಯಬೇಕು ಅಂತ ಹೇಳಿ ಅದೇ ಮಗುವನ್ನು ಇನ್ನೊಮ್ಮೆ ತೋರಿಸಿದೆ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡಿದ್ದವು. ಅದನ್ನು ನೋಡಿ ನನಗೆ ಏನೋ ಆಯಿತು. ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ.

ಆಮೇಲೆ ನಿನ್ನ ಕಥೆ ಶುರು ಮಾಡಿದೆ. "ಆಪರೇಷನ್ ಆಗಿ ನಾಲ್ಕು ದಿನ ನಾನು ಅಳಲಿಲ್ಲ. ನಾಲ್ಕು ದಿನಾನೂ ಕೇಸ್ ಶೀಟಲ್ಲಿ 'ಮಗು ಆರಾಮಾಗಿದೆ' ಅಂತ ಬರೆದಿದ್ರು. ಐದನೇ ದಿನ ನಮ್ಮಜ್ಜಿ ಬಂದ್ರು. ಹೊದಿಕೆ ಸರಿಸಿ ಕಾಲು ನೋಡಿದ್ರು. 'ಕಂದಾ, ನೋಯ್ತಿದ್ರೆ ಅಳಬಹುದು' ಅಂದ್ರು. ಅಷ್ಟೇ. ನಾನು ಕಿರುಚಿದೆ, ಸಿಸ್ಟರ್ ಓಡಿಬಂದ್ರು, ಔಷಧಿ ಕೊಟ್ರು. ಆಪರೇಷನ್ ಆದ ಮೇಲೆ ಮೊದಲನೇ ಸಲ ನಿದ್ದೆ ಮಾಡಿದ್ದು ಅವತ್ತು. ಇಲ್ಲೇ ಕೂತಿದ್ದಾರೆ, ನನ್ನ ಮೊದಲನೇ ಮೇಡಂ."

ಬೀಗಿತ್ತಿ ಎದ್ದು ನಿಂತರು. ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತೈದು ನರ್ಸುಗಳು ಚಪ್ಪಾಳೆ ತಟ್ಟಿದರು. ನನ್ನ ಕೈಗಳು ಮಡಿಲಲ್ಲೇ ಇದ್ದವು.

ನಿನ್ನ ಕಥೆಯಲ್ಲಿ ನಾನು ಕೂತ ಸ್ಟೂಲಿಗೂ ಜಾಗ ಇರಲಿಲ್ಲವಲ್ಲೇ.

ಚಹಾಕ್ಕೆ ಬಿಟ್ಟಾಗ ಬೀಗಿತ್ತಿಯ ಕಣ್ಣಿಗೆ ಬಿದ್ದೆ. ಎರಡು ಲೋಟ ಹಿಡಿದುಕೊಂಡು ಬಂದರು. "ಬನ್ನಿ ಬೀಗಿತ್ತಿಯವರೇ! ನೀವು ಬರ್ತೀರಿ ಅಂತ ಗೊತ್ತಿದ್ರೆ ನನ್ನ ಪಕ್ಕದಲ್ಲೇ ಜಾಗ ಹಿಡೀತಿದ್ದೆ."

"ನನ್ನ ಜಾಗ ಹಿಡಿಯೋದು ನಿಮಗೇನೂ ಹೊಸದಲ್ಲವಲ್ಲ" ಅಂದೆ.

ಆಕೆ ಕೋಪಿಸಿಕೊಳ್ಳಬೇಕಿತ್ತು. ಕೋಪಿಸಿಕೊಂಡಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು! ಲೋಟ ನನ್ನ ಕೈಗಿಟ್ಟು, "ನಾನು ಕಾಲ್ಬೆರಳು ನೋಡಿದ್ದು ಒಂದು ನಿಮಿಷ. ನಿದ್ದೆ ಕೆಟ್ಟು ಕಾದಿದ್ದು ನೀವು. ನಾನು ಹೇಳಿದೆ ಅವಳಿಗೆ, ಆ ಅಜ್ಜೀನೂ ಕರಿಯೇ ಅಂತ" ಅಂದರು. ಕೇಳಿದೆಯಾ? ನೀನು ಕರೆಯಲಿಲ್ಲ, ಆಕೆ ಕರೆಯಲು ಹೇಳಿದ್ದರು! ಶತ್ರುವಿನಿಂದ ಶಿಫಾರಸು!

ಅಷ್ಟರಲ್ಲಿ ನೀನು ಓಡಿಬಂದೆ. "ಅಜ್ಜೀ! ಊಟ ಮಾಡ್ಕೊಂಡೇ ಹೋಗ್ಬೇಕು ನೀನು" ಅಂದೆ. "ದಾರಿ ತಪ್ಪಿ ಬಂದೆ, ಹೋಗ್ತೀನಿ ಬಿಡು" ಅಂದು ಮೆಟ್ಟಿಲಿಳಿದೆ. ಅಂದಿನಿಂದ ನಿನ್ನ ಫೋನು ತೆಗೆದಿಲ್ಲ. ಗಂಟೆ ಹೊಡೆದಾಗಲೆಲ್ಲ ನಿಲ್ಲುವ ತನಕ ಅದರ ಪಕ್ಕದಲ್ಲೇ ಕೂತಿರುತ್ತೇನೆ, ಅದು ಬೇರೆ ವಿಷಯ.

ಮುಂದಿನ ತಿಂಗಳ ಮೊದಲ ವಾರ ಇನ್ನೊಂದು ಆಸ್ಪತ್ರೆಯಲ್ಲಿ ನಿನ್ನ ತರಬೇತಿಯಂತೆ, ನಿನ್ನಮ್ಮ ಹೇಳಿದಳು. ಅಲ್ಲೂ ಇದೇ ಕಥೆ ಹೇಳುತ್ತೀಯ. ಆಮೇಲೆ ಇನ್ನೊಂದು ಊರು, ಇನ್ನಷ್ಟು ನರ್ಸುಗಳು. ನಾನು ಸತ್ತ ಮೇಲೂ ಕನ್ನಡಕದಜ್ಜಿ ಊರೂರಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿಸಿಕೊಳ್ಳುತ್ತಿರುತ್ತಾಳೆ. ನನ್ನನ್ನು ಬಲ್ಲವರು ಯಾರು? ನನಗೆ ಬೇಕಾದದ್ದು ಇದೊಂದೇ. ಆ ಕಥೆಯೊಳಗೆ ನನ್ನನ್ನೂ ಸೇರಿಸು. ಇನ್ನೊಬ್ಬ ಅಜ್ಜಿಯೂ ಇದ್ದಳು, ನಾಲ್ಕು ದಿನ ಕಣ್ಣು ಮುಚ್ಚದೆ ಕೂತಿದ್ದಳು ಅಂತ ಒಂದು ಮಾತು ಹೇಳಿದರೆ ನಿನ್ನ ಗಂಟೇನು ಹೋಗುತ್ತದೆ?

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಂಡವರ ಮಕ್ಕಳ ಹುಬ್ಬು ನೋಡುತ್ತಾ ನಿನ್ನ ಕಣ್ಣ ಕೆಳಗೆ ಕಪ್ಪಾಗಿದೆ, ಅದನ್ನು ನಾನು ಕೊನೆಯ ಸಾಲಿನಿಂದಲೇ ಕಂಡೆ. ನೂರು ಕಾಲ ಬಾಳು. ನಿನ್ನ ಕೈಗೆ ಬಂದ ಮಕ್ಕಳೆಲ್ಲ ಗುಣವಾಗಿ, ಗಲಾಟೆ ಮಾಡಿಕೊಂಡು ಮನೆಗೆ ಹೋಗಲಿ.

ಇಂತಿ ನಿನ್ನ
ಬೈಯೋ ಅಜ್ಜಿ

ಮರೆತ ಮಾತು:

ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ಚಪ್ಪಾಳೆ ನಿಂತ ಮೇಲೆ ಒಬ್ಬಳು ಚಿಕ್ಕ ನರ್ಸು ಎದ್ದು ಕೇಳಿದಳು: "ಮೇಡಂ, ಅಷ್ಟು ನೋವಿದ್ರೂ ನಾಲ್ಕು ದಿನ ಯಾಕೆ ಅಳಲಿಲ್ಲ ನೀವು?" ನೀನು ಬಾಯಿ ತೆರೆದೆ. ಆಗಲೇ ಮುಂದಿದ್ದ ದಪ್ಪನೆಯವಳು ಬಿದ್ದ ಪೆನ್ನು ಎತ್ತಿಕೊಳ್ಳಲು ಬಾಗಿದಳು, ನಿನ್ನ ಕಣ್ಣು ನನ್ನ ಮೇಲೆ ಬಿತ್ತು. "ನೆನಪಿಲ್ಲ" ಅಂದುಬಿಟ್ಟೆ.

ಕಾಲ ಮೇಲಿದ್ದ ಹೊದಿಕೆ ನಿನಗೆ ನೆನಪಿದೆ. ಆಕೆ ಆಡಿದ ಮಾತು ಅಕ್ಷರ ತಪ್ಪದೆ ನೆನಪಿದೆ. ಇದು ಮಾತ್ರ ನೆನಪಿಲ್ಲವೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಮುಟ್ಟಿ ನೋಡಿಕೊಂಡೆ. ಅದಕ್ಕೇ ಎರಡು ತಿಂಗಳು ಬೇಕಾಯಿತು.

ನಿನಗೆ ನೆನಪಿಲ್ಲದಿದ್ದರೆ ನಾನೇ ಹೇಳುತ್ತೇನೆ. ಮೊದಲ ದಿನ ನಿನಗೆ ಎಚ್ಚರ ಬಂದಾಗ ನೀನು ನನ್ನನ್ನು ನೋಡಿ ಅತ್ತೆ. ಸಿಸ್ಟರ್ ಅಂದರು: "ಅಜ್ಜೀ, ನಿಮ್ಮನ್ನ ನೋಡಿ ಮಗು ಹೀಗೆ ಅಳ್ತಾ ಇದ್ರೆ ನಿಮ್ಮನ್ನ ಹೊರಗೆ ಕಳಿಸ್ಬೇಕಾಗತ್ತೆ. ಪಾಸು ಬೇರೆಯವರಿಗೆ ಕೊಡ್ತೀವಿ." ಬೇರೆಯವರು ಅಂದರೆ ಯಾರು? ಬೀಗಿತ್ತಿ. ನಿನ್ನ ಕಿವಿಯ ಹತ್ತಿರ ಬಾಗಿ ಹೇಳಿದೆ: "ಸದ್ದು ಮಾಡ್ಬೇಡ. ನೀನು ಅತ್ರೆ ನನ್ನನ್ನ ಓಡಿಸ್ತಾರೆ. ಆಮೇಲೆ ನಿನ್ನ ಹತ್ರ ಯಾರೂ ಇರಲ್ಲ, ಒಬ್ಳೇ ಬಿದ್ದಿರ್ಬೇಕು." ನೀನು ತಲೆಯಾಡಿಸಿದೆ. ಐದು ವರ್ಷದ ಮಗು, ಹೊಟ್ಟೆ ಕೊಯ್ದ ಮಗು, ತುಟಿ ಬಿಗಿಹಿಡಿದು ತಲೆಯಾಡಿಸಿತು. ಆಮೇಲೆ ನಿನ್ನ ತುಟಿ ನಡುಗಿದಾಗಲೆಲ್ಲ ನಾನು ಬಾಗಿಲ ಕಡೆ ಕೈ ತೋರಿಸುತ್ತಿದ್ದೆ.

ಯಾರೂ ಇರುವುದಿಲ್ಲ ಅಂದದ್ದು ಸುಳ್ಳು. ಕೆಳಗಿನ ಮೊಗಸಾಲೆಯ ಬೆಂಚಿನ ಮೇಲೆ ಕನ್ನಡಕದಜ್ಜಿ ಆ ನಾಲ್ಕು ದಿನವೂ ಕೂತಿದ್ದಳು. ಒಂದು ಗಂಟೆ ಪಾಸು ಕೊಡಿ, ಮುಖ ನೋಡಿ ಬಂದುಬಿಡ್ತೀನಿ ಅಂತ ದಿನಾ ಕೇಳುತ್ತಿದ್ದಳು. ನಾನು ಕೊಡಲಿಲ್ಲ. ನನಗೆ ಕೆಮ್ಮು ಬರದೇ ಹೋಗಿದ್ದರೆ ಐದನೇ ದಿನವೂ ಕೊಡುತ್ತಿರಲಿಲ್ಲ.

ನಿನ್ನ ಹಾಳೆಯಲ್ಲಿ ಐದು ಸಾಲಿವೆ, ಎಲ್ಲವೂ ಮಗುವನ್ನು ನೋಡಲು. ಪಕ್ಕದ ಸ್ಟೂಲಿನ ಮೇಲೆ ಕೂತವರು ಮಗುವಿನ ಕಿವಿಯಲ್ಲಿ ಏನು ಹೇಳುತ್ತಿದ್ದಾರೆ ಅಂತ ಕೇಳಿಸಿಕೊಳ್ಳಲು ಒಂದು ಸಾಲೂ ಇಲ್ಲ. ಆರನೆಯದಾಗಿ ಸೇರಿಸು. ಮೇಲೆ ನಾನು ಕೇಳಿಕೊಂಡದ್ದನ್ನು ಹೊಡೆದುಹಾಕಿಬಿಡು. ಮುಂದಿನ ಸಲ ಯಾರಾದರೂ ಯಾಕೆ ಅಳಲಿಲ್ಲ ಅಂತ ಕೇಳಿದರೆ ನೆನಪಿಲ್ಲ ಅನ್ನಬೇಡ. ನನ್ನ ಮಾನ ಕಾಯಬೇಡ. ಹೇಳು. ಆಕೆಯ ಕಥೆಗೆ ಐದು ನಿಮಿಷ ತೆಗೆದುಕೊಂಡೆ, ಗೋಡೆ ಗಡಿಯಾರ ನೋಡಿದ್ದೇನೆ. ನನ್ನದಕ್ಕೆ ಆರು ನಿಮಿಷವಾದರೂ ಬೇಕು.

ಹೇಳುವ ಮೊದಲು ನನಗೊಂದು ಉತ್ತರ ಬರೆ. ನಿಜವಾಗಿಯೂ ನೆನಪಿಲ್ಲವೋ, ಅಥವಾ ಇಷ್ಟು ವರ್ಷವೂ ನನ್ನ ಮುಖ ನೋಡಿದಾಗಲೆಲ್ಲ ಸದ್ದು ನುಂಗುತ್ತಲೇ ಬಂದೆಯೋ? ಎರಡರಲ್ಲಿ ಯಾವುದಾದರೂ ಸರಿ, ಇದ್ದದ್ದು ಇದ್ದಂತೆ ಬರೆ. ಬೈಯಬೇಕು ಅನ್ನಿಸಿದರೆ ಬೈದೇ ಬರೆ. ಮುಂದಿನ ತಿಂಗಳು ಹುಟ್ಟುವ ಮೊದಲು ಅದು ನನ್ನ ಕೈ ಸೇರಬೇಕು.